ಅಕ್ಕಾ, ಇದು ಖರೇನಾ?

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಪೂಜೆ ಮುಗಿದ ಮೇಲೆ, ಯುವಕರ ಮಳಿಗೆಯಲ್ಲಿ ಇಟ್ಟಿದ್ದ ಫೋಟೋಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನಡುವೆ ಎರಡು ಅಡಿ ಎತ್ತರದ ಒಂದು ಚಿತ್ರವಿತ್ತು. ಕಪ್ಪು ಹಿನ್ನೆಲೆ, ಅದರ ಮುಂದೆ ಸಾಲಾಗಿ ನೆಟ್ಟಗೆ ನಿಂತ ಕೆಂಪು ಕಂಬಗಳು, ಒಂದೊಂದರ ಕೆಳಗೂ ತೆಳ್ಳನೆಯ ಕಾಲು. ಒಬ್ಬರು ಮೇಣದಬತ್ತಿ ಅಂದರು. ಇನ್ನೊಬ್ಬರು ಸಮುದ್ರದೊಳಗಿನ ಹೂವು ಇರಬೇಕು ಅಂದರು. ಜಾತ್ರೆಯಲ್ಲಿ ಮಾರುವ ಸಕ್ಕರೆಯ ಬೊಂಬಾಯಿ ಮಿಠಾಯಿ ಎಂದು ಮಕ್ಕಳು ಕೂಗಿದರು. ಚಿತ್ರದ ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ನಾನೇ ಬರೆದಿದ್ದೆ: ಸತ್ತ ಮರದಲ್ಲಿ ಪುನರುತ್ಥಾನ.

ಎಲ್ಲರೂ ಮೆಚ್ಚಿದರು. ಕೆಲವರು ಅದನ್ನು ವಾಟ್ಸಾಪ್ ಸ್ಟೇಟಸ್ ಇಟ್ಟುಕೊಂಡರು. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಧರ್ಮೋಪದೇಶದ ತರಗತಿಯ ಒಂಬತ್ತು ವರ್ಷದ ಹುಡುಗನೊಬ್ಬ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದು ಕೇಳಿದ: "ಅಕ್ಕಾ, ಇದು ಖರೇನಾ?" ಖರೇ ಎಂಬುದು ನಮ್ಮ ಮ್ಹೈಸಾಳದ ಕಡೆ ಕನ್ನಡದವರೂ ಮರಾಠಿಯವರೂ ಹಂಚಿಕೊಂಡಿರುವ ಮಾತು. ಖರೇ ಎಂದೆ. ಹಾಗಾದರೆ ತೋರಿಸು ಎಂದ.

ಮುಂದಿನ ಭಾನುವಾರ ಪೂಜೆ ಮುಗಿಸಿ ಅವನನ್ನು ಕರೆದುಕೊಂಡು ಹೋದೆ. ಆ ದಿಮ್ಮಿ ಇರುವುದು ಕಬ್ಬಿನ ಹೊಲದ ಬದುವಿನ ಮೇಲೆ. 2019ರ ಮಹಾಪೂರದಲ್ಲಿ ಕೃಷ್ಣೆ ಎಲ್ಲಿಂದಲೋ ಎಳೆದು ತಂದು ಬಿಟ್ಟುಹೋದ ಮಾವಿನ ಮರ ಅದು. ಸರಿಯಾಗಿ ಇಬ್ಬರು ಅಣ್ಣತಮ್ಮಂದಿರ ಹೊಲದ ಗಡಿಯ ಮೇಲೆ ಬಂದು ಕೂತಿದೆ. ಕಡಿದರೆ ಕಟ್ಟಿಗೆ ಯಾರಿಗೆ ಎಂಬ ಮಾತು ಇನ್ನೂ ತೀರ್ಮಾನವಾಗಿಲ್ಲ, ಹೀಗಾಗಿ ಯಾರೂ ಕೊಡಲಿ ಹಚ್ಚಿಲ್ಲ. ಅವರ ಜಗಳದಿಂದ ಉಪಕಾರವಾದದ್ದು ಅದರೊಳಗೆ ಬದುಕುವ ಜೀವಿಗಳಿಗೆ.

ನಾನು ತೊಗಟೆಯ ಆ ಜಾಗ ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ. ಹತ್ತಿರದಿಂದ ನೋಡಿದರೆ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಮಾಸಿದ ಕೆಂಗಂದು ಪುಡಿ, ನಾಲ್ಕಾರು ಮುರಿದ ಎಳೆ. ಹುಡುಗ ಬಾಗಿ ನೋಡಿದ, ಊದಿದ, ಅದೂ ಹಾರಿಹೋಯಿತು. "ಅಕ್ಕಾ, ನೀ ಸುಳ್ಳ ಹೇಳೀದಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ತಪ್ಪಾಗಿದೆ ಎಂದು ಹೇಳುವ ಹಾಗೆ ಹೇಳಿದ. ಹಿಂದಿನ ವಾರವಷ್ಟೇ ಅವನಿಗೆ ಎಂಟನೆಯ ಕಟ್ಟಳೆಯ ಪಾಠ ಮಾಡಿದವಳು ನಾನು.

ಅವನ ಮಾತು ನನ್ನನ್ನು ಬಿಡಲಿಲ್ಲ. ನಾನು ಸುಳ್ಳು ಹೇಳಿದೆನೇ? ಹೇಳಿದ್ದರೆ ಎಲ್ಲಿ?

ಮೊದಲು ಆ ಜೀವಿಯ ಬಗ್ಗೆ ಹೇಳಬೇಕು. ಅದರ ಹೆಸರು ಸ್ಲೈಮ್ ಮೋಲ್ಡ್. ಕನ್ನಡದಲ್ಲಿ ಲೋಳೆ ಬೂಷ್ಟು ಎನ್ನಬಹುದು. ಮಳಿಗೆಗೆ ಬಂದ ಮರಾಠಿಯ ಹಿರಿಯರೊಬ್ಬರು "ಬುರಶಿ" ಎಂದರು, ಅದೂ ಬೂಷ್ಟೇ. ಎರಡು ಭಾಷೆಯೂ ತಪ್ಪುತ್ತವೆ, ಇಂಗ್ಲಿಷೂ ಅಷ್ಟೇ. ಇದು ಬೂಷ್ಟಲ್ಲ, ಅಣಬೆಯಲ್ಲ, ಗಿಡವೂ ಅಲ್ಲ. ಅಮೀಬಾದ ಬಳಗಕ್ಕೆ ಸೇರಿದ್ದು. ಬದುಕಿನ ಒಂದು ಘಟ್ಟದಲ್ಲಿ ಲೋಳೆಯ ಹಾಗೆ ಕೊಳೆತ ಮರದ ಒಳಗೆ ಹರಿದಾಡುತ್ತದೆ. ಆಗ ಅದು ಒಂದೇ ಕೋಶ. ಒಳಗೆ ಸಾವಿರಾರು ನ್ಯೂಕ್ಲಿಯಸ್ಸುಗಳಿದ್ದರೂ ನಡುವೆ ಗೋಡೆಗಳಿಲ್ಲ. ಗಂಟೆಗೆ ಒಂದೆರಡು ಸೆಂಟಿಮೀಟರ್ ಸರಿಯುತ್ತ ಬ್ಯಾಕ್ಟೀರಿಯಾಗಳನ್ನೂ ಬೂಷ್ಟಿನ ಬೀಜಕಣಗಳನ್ನೂ ನುಂಗುತ್ತದೆ. ಆಹಾರ ತೀರಿದಾಗ ಹೊರಗೆ ಬಂದು, ಒಂದೇ ರಾತ್ರಿಯಲ್ಲಿ ರೂಪ ಬದಲಿಸಿ, ಈ ಕಾಲು, ತಲೆ, ಬಣ್ಣ ಎಲ್ಲ ಕಟ್ಟಿಕೊಳ್ಳುತ್ತದೆ. ತಲೆಯೊಳಗೆ ಬೀಜಕಣಗಳು. ಒಣಗಿದ ಮೇಲೆ ಗಾಳಿಗೆ ಹಾರಿಹೋಗುತ್ತವೆ. ಹುಡುಗ ಊದಿದ್ದು ಅವನ್ನೇ.

1859ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಇವುಗಳಿಗೆ ಮೈಸಿಟೋಜೋವಾ ಎಂದು ಹೆಸರಿಟ್ಟ. ಅಣಬೆ-ಪ್ರಾಣಿ ಎಂದು ಅದರ ಅರ್ಥ. ಇವು ಎರಡರ ನಡುವೆ ಎಲ್ಲೋ ಇವೆ ಎಂದು ಅವನಿಗೆ ಆಗಲೇ ಅನ್ನಿಸಿತ್ತು. 2000ದಲ್ಲಿ ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಜೊತೆಗಾರರು ಹಳದಿ ಬಣ್ಣದ ಒಂದು ಲೋಳೆಯನ್ನು ಚಕ್ರವ್ಯೂಹದಲ್ಲಿ ಬಿಟ್ಟು, ಎರಡು ಬಾಗಿಲಿನಲ್ಲಿ ಓಟ್ಸ್ ಇಟ್ಟರು. ಅದು ಉಳಿದ ದಾರಿಗಳಿಂದ ಹಿಂದೆ ಸರಿದು ಹತ್ತಿರದ ದಾರಿಯಲ್ಲಿ ಮಾತ್ರ ಉಳಿಯಿತು. ಮೆದುಳಿಲ್ಲ, ನರವಿಲ್ಲ. ನಾನು ಬಿ.ಎಸ್ಸಿ. ಓದುವಾಗ ಪಠ್ಯದಲ್ಲಿ ಇವಕ್ಕೆ ಸಿಕ್ಕ ಜಾಗ ಒಂದು ಪುಟಕ್ಕಿಂತ ಕಡಿಮೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿತ್ತು, ಬಿಟ್ಟರೂ ನಡೆಯುತ್ತಿತ್ತು.

"ಇದರಿಂದ ಏನು ಉಪಯೋಗ?" ಎಂದು ನಮ್ಮ ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ. ಕಬ್ಬು ಬೆಳೆಯುವವರು ಕೇಳಲೇಬೇಕು. 2015ರ 'ಲೌದಾತೊ ಸಿ' ಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ಅಣಬೆ, ಪಾಚಿ, ಹುಳು, ಸೂಕ್ಷ್ಮಜೀವಿಗಳ ಹೆಸರು ಹಿಡಿದು ಅವುಗಳಿಲ್ಲದೆ ಸೃಷ್ಟಿ ನಡೆಯದು ಎಂದಿದ್ದಾರೆ, ಜೊತೆಗೆ ಪ್ರತಿ ಜೀವಿಗೂ ನಮ್ಮ ಲಾಭದ ಲೆಕ್ಕಕ್ಕೆ ಸಿಗದ ತನ್ನದೇ ಬೆಲೆಯಿದೆ ಎಂದಿದ್ದಾರೆ. ಕಾಕಾಗೆ ಇದನ್ನು ಹೇಳಿದೆ. ತಲೆ ಅಲ್ಲಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಇರಲಿ, ನನ್ನ ಪ್ರಶ್ನೆ ಅದಲ್ಲ.

ಫೋಟೋ ತೆಗೆದದ್ದು ಹೀಗೆ. ನನ್ನ ಹತ್ತಿರ ದೊಡ್ಡ ಕ್ಯಾಮೆರಾ ಇಲ್ಲ. ಮೊಬೈಲು, ಅದಕ್ಕೆ ಸಿಕ್ಕಿಸುವ ಒಂದು ಸಣ್ಣ ಮ್ಯಾಕ್ರೋ ಲೆನ್ಸು, ಒಂದು ಎಲ್‌ಇಡಿ ಟಾರ್ಚು, ಬೆಳಕು ಮೆತ್ತಗಾಗಲು ಅದರ ಮುಂದೆ ಒಂದು ಟಿಶ್ಯೂ ಕಾಗದ. ಮೊಬೈಲು ಅಲುಗದಿರಲು ಸಣ್ಣ ಬಟ್ಟೆ ಚೀಲದಲ್ಲಿ ಜೋಳ ತುಂಬಿ ಅದರ ಮೇಲೆ ಒತ್ತಿಟ್ಟೆ. ನಸುಕಿನಲ್ಲೇ ಹೋಗಬೇಕು, ಬಿಸಿಲೇರಿದರೆ ಗಾಳಿ ಏಳುತ್ತದೆ. ನಾವು ಗಾಳಿಯೆಂದೇ ಲೆಕ್ಕಿಸದಷ್ಟು ಗಾಳಿಯೂ ಅಲ್ಲಿ ಬಿರುಗಾಳಿ. ನನ್ನ ಉಸಿರಿಗೇ ಅವು ತೂಗಾಡುತ್ತಿದ್ದವು. ಸೊಳ್ಳೆಗಳ ಕಥೆ ಬೇಡ.

ಅವುಗಳ ಎತ್ತರ ಮೂರು ಮಿಲಿಮೀಟರ್, ಅಂದರೆ ಒಂದು ಜೋಳದ ಕಾಳಿನಷ್ಟು. ಇಷ್ಟು ಹತ್ತಿರ ಹೋದಾಗ ಲೆನ್ಸಿಗೆ ಸ್ಪಷ್ಟವಾಗಿ ಕಾಣುವುದು ಒಂದು ಕಾಗದದ ದಪ್ಪದಷ್ಟು ಆಳ ಮಾತ್ರ. ತಲೆ ಸ್ಪಷ್ಟವಾದರೆ ಕಾಲು ಮಸುಕು, ಮುಂದಿನದು ಕಂಡರೆ ಹಿಂದಿನದು ಮಾಯ. ಆದ್ದರಿಂದ ಈ ಕೆಲಸ ಮಾಡುವವರೆಲ್ಲ ಒಂದು ಉಪಾಯ ಮಾಡುತ್ತಾರೆ. ಫೋಕಸ್ಸನ್ನು ಎಳೆ ಎಳೆಯಾಗಿ ಹಿಂದಕ್ಕೆ ಸರಿಸುತ್ತ ಒಂದಾದ ಮೇಲೊಂದು ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆಯ್ದು ಒಂದೇ ಚಿತ್ರವಾಗಿ ಕೂಡಿಸುವುದು. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ನೀವು ನೋಡಿದ್ದು ಮೂವತ್ತೆರಡು ಫೋಟೋಗಳ ಕೂಡಿಕೆ. ಅಂಥ ದೃಶ್ಯವನ್ನು ಯಾವ ಕಣ್ಣೂ ಯಾವ ಕ್ಷಣದಲ್ಲೂ ಕಂಡಿಲ್ಲ. ನಾನೂ ಕಂಡಿಲ್ಲ.

ಹಾಗಾದರೆ ಸುಳ್ಳು ಇಲ್ಲೇ ಇದೆಯೇ? ಮೊದಲು ನನಗೂ ಹಾಗೇ ಅನ್ನಿಸಿತು. ಆದರೆ ಇಂಗ್ಲೆಂಡಿನ ಆರ್ಥರ್ ಲಿಸ್ಟರ್ ಮತ್ತು ಮಗಳು ಗುಲಿಯೆಲ್ಮಾ ಲಿಸ್ಟರ್ ಅವರನ್ನು ನೆನೆದಾಗ ಆ ಯೋಚನೆ ನಿಲ್ಲಲಿಲ್ಲ. ಲೋಳೆ ಬೂಷ್ಟುಗಳ ಮೇಲಿನ ದೊಡ್ಡ ಗ್ರಂಥವನ್ನು ತಂದೆ 1894ರಲ್ಲಿ ಹೊರತಂದರು. ಮಗಳು ಅದನ್ನು 1911ರಲ್ಲೂ 1925ರಲ್ಲೂ ತಿದ್ದಿ ಬೆಳೆಸಿ, ಬಣ್ಣದ ಚಿತ್ರಗಳೊಡನೆ ಮತ್ತೆ ಪ್ರಕಟಿಸಿದರು. ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆಯುವವರು ಮಾಡುವುದೂ ಇದನ್ನೇ: ಫೋಕಸ್ಸಿನ ತಿರುಪು ತಿರುಗಿಸುತ್ತ ಪದರ ಪದರವಾಗಿ ನೋಡಿ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಸೇರಿಸುವುದು. ಅಂಥ ಚಿತ್ರವನ್ನು ಯಾರೂ ಸುಳ್ಳೆನ್ನುವುದಿಲ್ಲ. ಬದಲಾಗಿ, ಅದನ್ನು ಹಿಡಿದುಕೊಂಡೇ ಇನ್ನೊಬ್ಬರು ಆ ಜೀವಿಯನ್ನು ಗುರುತಿಸುತ್ತಾರೆ.

ಸಂತ ಅಗಸ್ಟೀನರು ಸುಮಾರು ಕ್ರಿ.ಶ. 395ರಲ್ಲಿ ಸುಳ್ಳಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ತಪ್ಪು ಮಾತು ಆಡಿದವರೆಲ್ಲ ಸುಳ್ಳುಗಾರರಲ್ಲ. ನಿಜವೆಂದು ನಂಬಿ ತಪ್ಪು ಹೇಳಿದವನು ತಪ್ಪಿದವನು ಮಾತ್ರ. ಮನಸ್ಸಿನಲ್ಲಿ ಒಂದಿಟ್ಟುಕೊಂಡು, ಕೇಳುವವನನ್ನು ದಾರಿ ತಪ್ಪಿಸಲೆಂದು ಬಾಯಲ್ಲಿ ಇನ್ನೊಂದು ಆಡುವುದೇ ಸುಳ್ಳು ಎಂಬ ಅರ್ಥದಲ್ಲಿ ಅವರು ವಿಚಾರಿಸುತ್ತಾರೆ. ಆ ಅಳತೆಗೋಲಿನಿಂದ ನೋಡಿದರೆ ಮೂವತ್ತೆರಡು ಫೋಟೋ ಕೂಡಿಸಿದ್ದರಲ್ಲಿ ಸುಳ್ಳಿಲ್ಲ. ಅಲ್ಲಿ ಇದ್ದದ್ದನ್ನೇ ನಿಮಗೆ ಕಾಣಿಸಬೇಕು ಎಂಬುದೇ ಆಗ ನನ್ನ ಮನಸ್ಸಿನಲ್ಲಿದ್ದದ್ದು. ಕೂಡಿಸಿದ್ದೇನೆ ಎಂದು ಕೆಳಗೆ ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ, ಅದು ನನ್ನ ಸೋಮಾರಿತನ. ಪಕ್ಕದಲ್ಲಿ ಒಂದು ಜೋಳದ ಕಾಳು ಇಟ್ಟಿದ್ದರೆ ಹುಡುಗ ಮೊಣಕಾಲೆತ್ತರದ ಕಂಬ ಹುಡುಕಿಕೊಂಡು ಬರುತ್ತಿರಲಿಲ್ಲ.

ಆದರೆ ನಾನು ಮಾಡಿದ್ದು ಇಷ್ಟೇ ಅಲ್ಲ.

ಆ ಜೀವಿ ಇದ್ದದ್ದು ದಿಮ್ಮಿಯ ಕೆಳಮೈಯಲ್ಲಿ. ನೆಲದ ಕಡೆಗೆ ತಲೆ ಹಾಕಿ ಬಾವಲಿಯ ಹಾಗೆ ನೇತಾಡುತ್ತಿತ್ತು. ಫೋಟೋ ತೆಗೆಯಲು ಕಷ್ಟವೆಂದು ಆ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿ, ತಿರುಗಿಸಿ, ಮೇಲಿಟ್ಟೆ. ಅದಕ್ಕೇ ಚಿತ್ರದಲ್ಲಿ ಅವು ಬೆಳಕಿನ ಕಡೆ ಮುಖ ಮಾಡಿ ಎದ್ದು ನಿಂತಂತೆ ಕಾಣುವುದು. ಎರಡನೆಯದಾಗಿ, ಒಂದು ತಲೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕಂದು ಜೀರುಂಡೆ ಕೂತು ತಿನ್ನುತ್ತಿತ್ತು. ಅದು ತಿಂದ ಕಡೆ ತಲೆ ಹರಿದಿತ್ತು. ಚಿತ್ರ ಕೆಡುತ್ತದೆ ಎಂದು ಒದ್ದೆ ಕುಂಚದಿಂದ ಅದನ್ನು ತಳ್ಳಿಹಾಕಿದೆ, ಹರಿದ ತಲೆಯನ್ನು ಚಿಮಟದಿಂದ ಕಿತ್ತೆ. ಆಮೇಲೆ ಓದಿ ತಿಳಿದದ್ದೇನೆಂದರೆ, ಈ ಬೀಜಕಣಗಳನ್ನೇ ತಿಂದು ಬದುಕುವ ಜೀರುಂಡೆಗಳಿವೆ, ಅವುಗಳ ಮೈಗೆ ಅಂಟಿಕೊಂಡು ಬೀಜಕಣಗಳು ಬೇರೆ ಕಡೆಗೂ ಹೋಗುತ್ತವೆ. ಅಂದರೆ ಆ ಹುಳ ಅಲ್ಲಿಯ ಮನೆಯವನೇ. ನಾನು ಕಸವೆಂದು ಗುಡಿಸಿದ್ದೆ.

ಮೂರನೆಯದು ಆ ಶೀರ್ಷಿಕೆ. ಪುನರುತ್ಥಾನ ಎಂಬ ಮಾತು ಚಿತ್ರ ನೋಡಿದ ಮೇಲೆ ಹೊಳೆದದ್ದಲ್ಲ. ಹಬ್ಬಕ್ಕೆ ಒಂದು ಒಳ್ಳೆಯ ಸಂದೇಶ ಬೇಕಿತ್ತು, ಅದಕ್ಕೆ ತಕ್ಕಂತೆ ಚಿತ್ರ ಬೇಕಿತ್ತು. ತೊಗಟೆ ತಿರುಗಿಸಿದ್ದೂ ಹುಳ ಗುಡಿಸಿದ್ದೂ ಆ ಸಂದೇಶಕ್ಕೋಸ್ಕರವೇ. ನೆಲದ ಕಡೆ ನೇತಾಡುವ, ಹುಳ ತಿಂದ ಪುನರುತ್ಥಾನ ಯಾರಿಗೆ ಬೇಕು? ನಿಜ ಹೇಳಬೇಕೆಂದರೆ ಅಲ್ಲಿ ಸತ್ತದ್ದು ಯಾವುದೂ ಎದ್ದಿರಲಿಲ್ಲ. ಮರ ಸತ್ತಿತ್ತು, ಸತ್ತೇ ಇತ್ತು. ಅದರೊಳಗೆ ಬದುಕಿದ್ದ ಇನ್ನೊಂದು ಜೀವಿ, ತಿನ್ನಲು ಸಿಗದಾದಾಗ, ತನ್ನ ಬೀಜ ತೂರಲು ಹೊರಬಂದಿತ್ತು. ಇದೇ ಸಾಕಷ್ಟು ಆಶ್ಚರ್ಯ. ಅದರ ಮೇಲೆ ನಮ್ಮ ವಿಶ್ವಾಸದ ಅತಿ ದೊಡ್ಡ ಮಾತನ್ನು ಅಂಟಿಸುವ ಅಗತ್ಯ ಇರಲಿಲ್ಲ. ಅಗಸ್ಟೀನರು ಸುಳ್ಳುಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಎಲ್ಲಕ್ಕಿಂತ ಮೊದಲು ದೂರವಿಡಬೇಕಾದದ್ದು ಎಂದು ಇಟ್ಟದ್ದು ಧರ್ಮವನ್ನು ಬೋಧಿಸುವಾಗ ಹೇಳುವ ಸುಳ್ಳನ್ನು. ಅದನ್ನು ಓದಿದಾಗ ನನಗೆ ಮೈ ಬೆಚ್ಚಗಾಯಿತು.

ಇದು ನನ್ನೊಬ್ಬಳ ಚಟವಲ್ಲ. ಮಣ್ಣು, ಲದ್ದಿಗಳಲ್ಲಿ ಬದುಕುವ ಇನ್ನೊಂದು ಬಗೆಯ ಲೋಳೆ ಬೂಷ್ಟಿದೆ, ಡಿಕ್ಟಿಯೋಸ್ಟೀಲಿಯಂ ಎಂದು. ಹಸಿವಾದಾಗ ಬಿಡಿಬಿಡಿ ಅಮೀಬಾಗಳು ಒಂದೆಡೆ ಸೇರಿ ಕಂಬ ಕಟ್ಟುತ್ತವೆ. ಸುಮಾರು ಐದರಲ್ಲಿ ಒಂದು ಪಾಲು ಕೋಶಗಳು ಸತ್ತು ಕಾಲಾಗುತ್ತವೆ, ಉಳಿದವು ಮೇಲೇರಿ ಬೀಜಕಣವಾಗುತ್ತವೆ. ತ್ಯಾಗ ಎಂದು ಬರೆಯಲು ಯಾವ ಪ್ರಸಂಗಕಾರನಿಗೆ ಕೈ ತುರಿಸುವುದಿಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ದಶಕಗಳ ಕಾಲ ಇವುಗಳನ್ನು ಅಭ್ಯಾಸ ಮಾಡಿದವರು. ಮುದುಮಲೈ ಕಾಡಿನ ಮಣ್ಣು ಮತ್ತು ಪ್ರಾಣಿಗಳ ಲದ್ದಿಯಿಂದ ತಂದ ಗುಂಪುಗಳನ್ನು ಅವರೂ ಜೊತೆಗಾರರೂ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು: ಒಂದೇ ಕಂಬದೊಳಗೆ ಬೇರೆ ಬೇರೆ ವಂಶದ ಅಮೀಬಾಗಳು ಇರುವುದು ಸಾಮಾನ್ಯ. ತನ್ನ ರಕ್ತಸಂಬಂಧಿಗಾಗಿ ಸಾಯುತ್ತದೆ ಎಂಬ ಸರಳ ಕಥೆ ಅಲ್ಲಿಗೆ ಅಷ್ಟು ಸರಳವಾಗಿ ಉಳಿಯಲಿಲ್ಲ. ಹೆಸರು ಬೇಗ ಇಡಬೇಡ, ಇನ್ನೊಂದಿಷ್ಟು ನೋಡು ಎಂದು ಆ ಲದ್ದಿ ಹೇಳಿದಂತಿದೆ.

ನಮ್ಮ ಗುರುಗಳ ಮುಂದೆ ಈ ವಿಷಯ ತೆಗೆದೆ. ಅವರು ನನ್ನಷ್ಟು ಚಿಂತೆ ಮಾಡಲಿಲ್ಲ. "ಯೇಸುಸ್ವಾಮಿಯ ಸಾಮತಿಗಳೂ ಕಟ್ಟಿದ ಕಥೆಗಳೇ ಅಲ್ಲವೇ? ಪೀಠದ ಮೇಲಿನ ಮಾತೆಯ ಚಿತ್ರಕ್ಕೆ ಯಾವ ಹೆಣ್ಣುಮಗಳು ಕೂತಿದ್ದಳೋ ಯಾರು ಕೇಳುತ್ತಾರೆ?" ಎಂದರು. ಚಿತ್ರಗಳಿಗೆ ಸಲ್ಲಿಸಿದ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ ಎಂದು 787ರ ಎರಡನೆಯ ನಿಸಿಯಾ ಮಹಾಸಭೆ ಹೇಳಿದ್ದನ್ನೂ ನೆನಪಿಸಿದರು. ಮೊದಲ ಮಾತನ್ನು ಅರ್ಧ ಒಪ್ಪಿದೆ. ಸಾಮತಿ ಕೇಳುವವನಿಗೆ ಅದು ಸಾಮತಿ ಎಂದು ಗೊತ್ತು. ಬಿತ್ತುವವನ ಕಥೆ ಕೇಳಿ ಆ ಹೊಲ ಯಾವ ಸರ್ವೆ ನಂಬರಿನದು ಎಂದು ಯಾರೂ ಹುಡುಕಲು ಹೋಗುವುದಿಲ್ಲ. ಫೋಟೋ ಹಾಗಲ್ಲ. ಫೋಟೋ "ಇದು ಅಲ್ಲಿತ್ತು" ಎನ್ನುತ್ತದೆ, ಹುಡುಗ ಹುಡುಕಿಕೊಂಡು ಹೋಗುತ್ತಾನೆ. ಎರಡನೆಯ ಮಾತು ಮಾತ್ರ ನನ್ನ ಕಡೆಗೇ ತಿರುಗಿತು. ಚಿತ್ರಕ್ಕೆ ಕೊಟ್ಟದ್ದು ಚಿತ್ರದಲ್ಲಿರುವವರಿಗೆ ಹೋಗುತ್ತದೆ ಎಂದಾದರೆ, ಚಿತ್ರದಲ್ಲಿ ಕಿತ್ತುಕೊಂಡದ್ದೂ ಅವರಿಂದಲೇ ಹೋಗುತ್ತದಲ್ಲ.

ಲೋಳೆ ಬೂಷ್ಟಿಗೆ ಇದರಿಂದ ನೋವಾಗುವುದಿಲ್ಲ. ಮರ್ಯಾದೆಯೂ ಹೋಗುವುದಿಲ್ಲ. ಅದನ್ನು ಹೇಗೆ ತೋರಿಸಿದರೂ ಅದು ತನ್ನ ಪಾಡಿಗೆ ಇರುತ್ತದೆ. ಹುಡುಗನ ಪ್ರಶ್ನೆ ನನ್ನನ್ನು ಕುಟುಕಿದ್ದು ಬೂಷ್ಟಿನ ಕಾರಣಕ್ಕಲ್ಲ, ಹುಳ ಗುಡಿಸಿದ ಕೈಯ ಚಾಳಿ ನನಗೆ ಹೊಸದಾಗಿರಲಿಲ್ಲ ಎಂಬ ಕಾರಣಕ್ಕೆ.

2019ರ ಆಗಸ್ಟ್ ತಿಂಗಳನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ಅಪಾಯದ ಮಟ್ಟ 45 ಅಡಿ, ನೀರು 57 ಅಡಿ ದಾಟಿತ್ತು. 2021ರಲ್ಲೂ ನೀರು ಬಂತು, ಆದರೆ ಮೊದಲನೆಯದರ ಹೆದರಿಕೆಯೇ ಬೇರೆ. ಆಗ ನಾನು ಬಿ.ಎಸ್ಸಿ. ಮೊದಲ ವರ್ಷ. ನೀರು ಇಳಿಯುತ್ತಿದ್ದಾಗ ನಾವು ಹತ್ತಾರು ಯುವಕರು ಸೇರಿ ಅಕ್ಕಿ, ಜೋಳದ ಹಿಟ್ಟು, ಎಣ್ಣೆ, ಕಂಬಳಿ ಹಂಚಿದೆವು. ಫೋಟೋ ತೆಗೆಯುವ ಕೆಲಸ ನನ್ನದು. ನಮ್ಮ ಓಣಿಯ ಆಯಿಯೊಬ್ಬರು ಕಂಬಳಿ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡು ಆಗಲೇ ಹೊರಟಿದ್ದರು. "ಆಯಿ, ಫೋಟೋ ಸರಿ ಬರಲಿಲ್ರಿ, ಇನ್ನೊಮ್ಮಿ ತಗೋರಿ" ಎಂದು ಕರೆದೆ. ಅವರು ತಿರುಗಿ ಬಂದರು. ಕಂಬಳಿ ವಾಪಸು ಕೊಟ್ಟರು, ಮತ್ತೆ ಇಸಿದುಕೊಂಡರು. ಕೈ ಜೋಡಿಸಿರಿ ಎಂದು ಯಾರೋ ಹೇಳಿದರು, ಜೋಡಿಸಿದರು. ಹಿಂದೆ ಇಬ್ಬರು ಹುಡುಗರು ಏನಕ್ಕೋ ನಗುತ್ತ ನಿಂತಿದ್ದರು. ದುಃಖದ ಫೋಟೋದಲ್ಲಿ ನಗು ಚೆನ್ನಾಗಿರುವುದಿಲ್ಲ ಎಂದು ಅವರನ್ನು ಆಚೆ ಸರಿಸಿದೆ.

ಆ ಫೋಟೋ ಬಹಳ ಚೆನ್ನಾಗಿ ಬಂತು. ವರದಿಯಲ್ಲಿ ಅಚ್ಚಾಯಿತು. ನೋಡಿದವರ ಕಣ್ಣು ಒದ್ದೆಯಾಯಿತು, ಅದರಿಂದ ಇನ್ನೂ ಒಂದಿಷ್ಟು ನೆರವು ಬಂದಿರಲೂಬಹುದು. ಆ ಕಾರಣ ನನ್ನನ್ನು ಬಹಳ ದಿನ ಸಮಾಧಾನವಾಗಿ ಇಟ್ಟಿತ್ತು. ಅದರಲ್ಲಿ ಇಲ್ಲದ್ದು ಏನು ಎಂದರೆ, ಅದೇ ಆಯಿ ಅದರ ಹಿಂದಿನ ಮೂರು ದಿನ, ಜನ ಉಳಿದುಕೊಂಡಿದ್ದ ಶಾಲೆಯ ಅಂಗಳದಲ್ಲಿ ಕಲ್ಲು ಹೂಡಿ, ಹಸಿ ಕಟ್ಟಿಗೆ ಊದಿ ಊದಿ, ಸುತ್ತಲಿನವರಿಗೆಲ್ಲ ರೊಟ್ಟಿ ಬಡಿದಿದ್ದರು. ನಾನೂ ತಿಂದಿದ್ದೆ.

ಈ ವರ್ಷ ನಮ್ಮ ಸೇವಾಕಾರ್ಯಗಳ ಒಂದು ಆಲ್ಬಂ ಮಾಡೋಣ ಎಂದು ಪಾಲನಾ ಸಮಿತಿಯಲ್ಲಿ ಮಾತಾಯಿತು. ಎಲ್ಲರಿಗೂ ನೆನಪಾದದ್ದು ಆ ಫೋಟೋ. ನಾನು ಅದರ ಒಂದು ಪ್ರತಿ ತೆಗೆಸಿ ಆಯಿಯ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಅವರಿಗೆ ಅದನ್ನು ಒಮ್ಮೆಯೂ ಯಾರೂ ತೋರಿಸಿರಲಿಲ್ಲ. ನಾನೂ.

ಕನ್ನಡಕ ಹುಡುಕಿ ಹಾಕಿಕೊಂಡರು. "ಆ ಕಂಬಳಿ ಹರದ ಹೋತು, ಈಗ ನಾಯಿಗೆ ಹಾಸೇನಿ" ಎಂದರು. ಸ್ವಲ್ಪ ಹೊತ್ತು ನೋಡಿ, "ಕೊಟ್ಟವರು ಒಂದ ಸಲ ಕೊಟ್ರು. ಇಸ್ಕೊಳ್ಳೂದು ಮಾತ್ರ ನಂದು ಎರಡ ಸಲ ಆತು ನೋಡು" ಎಂದು ನಕ್ಕರು. ನಾನು ತಪ್ಪಾಯಿತು ಆಯಿ ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ, ಫೋಟೋದ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. "ನಮ್ಮ ಹುಡುಗೂರು ಎಲ್ಲಿ? ನನ್ನ ಹಿಂದ ಇದ್ರಲ್ಲ."

ನಗುತ್ತಿದ್ದ ಆ ಇಬ್ಬರು ಅವರ ಮೊಮ್ಮಕ್ಕಳು. ಮೂರು ದಿನ ಅವರಿಗೆ ಕಟ್ಟಿಗೆ ತಂದು ಕೊಟ್ಟವರೂ ಅವರೇ. ದೊಡ್ಡವನು ಈಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. "ಆವಾಗಿಂದು ಅವರ ಫೋಟೋ ಒಂದೂ ಉಳದಿಲ್ಲ ತಂಗಿ, ಎಲ್ಲಾ ನೀರಾಗ ಹೋದೂವು" ಎಂದರು.

ಮನೆಗೆ ಬಂದು ಹಳೆಯ ಮೆಮೊರಿ ಕಾರ್ಡು ಹುಡುಕಿದೆ. ಸರಿ ಬರಲಿಲ್ಲ ಎಂದು ನಾನು ಬಿಟ್ಟಿದ್ದ ಮೊದಲ ಫೋಟೋ ಅದರಲ್ಲಿತ್ತು. ಫೋಕಸ್ಸು ತಪ್ಪಿದೆ. ಆಯಿ ಕಂಬಳಿ ಹೆಗಲಿಗೆ ಹಾಕಿಕೊಂಡು ಅರ್ಧ ತಿರುಗಿದ್ದಾರೆ, ಮುಖ ಪೂರ್ತಿ ಕಾಣುವುದಿಲ್ಲ. ಹಿಂದೆ ಹುಡುಗರು ಹಲ್ಲು ಬಿಟ್ಟು ನಗುತ್ತಿದ್ದಾರೆ. ಪ್ರತಿ ತೆಗೆಸಿ ಕೊಟ್ಟೆ. ಅವರು ಅದನ್ನು ಜಪಸರ ಇಡುವ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ಆಲ್ಬಂನಲ್ಲಿ ಯಾವುದನ್ನು ಹಾಕುವುದು ಎಂದು ಸಮಿತಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮಸುಕಾದದ್ದನ್ನು ಯಾರು ನೋಡುತ್ತಾರೆ ಎಂದು ಹಿರಿಯರು ಕೆಲವರು ಹೇಳುತ್ತಾರೆ. ನಾನು ಮಸುಕಾದದ್ದರ ಪರವಾಗಿ ಮಾತನಾಡಿದ್ದೇನೆ.

ಮಳಿಗೆಯ ಚಿತ್ರದ ಶೀರ್ಷಿಕೆಯನ್ನು ತೆಗೆದಿದ್ದೇನೆ. ಈಗ ಅದರ ಕೆಳಗೆ ಇಷ್ಟೇ ಬರೆದಿದೆ: ಲೋಳೆ ಬೂಷ್ಟು, ಎತ್ತರ 3 ಮಿಲಿಮೀಟರ್, ಮಾವಿನ ದಿಮ್ಮಿಯ ಕೆಳಮೈ, 32 ಫೋಟೋಗಳ ಕೂಡಿಕೆ, ತಲೆಕೆಳಗಾಗಿದ್ದುದನ್ನು ತಿರುಗಿಸಲಾಗಿದೆ, ಒಂದು ಹುಳವನ್ನು ತೆಗೆಯಲಾಗಿದೆ. ಜಾತಿಯ ಹೆಸರು ಬರೆದಿಲ್ಲ. ಬಣ್ಣ, ಆಕಾರ ನೋಡಿ ಆರ್ಸೀರಿಯಾ ಕುಲದ್ದು ಎನ್ನಬಹುದು, ಅದಕ್ಕಿಂತ ಮುಂದೆ ಹೋಗಲು ಬೀಜಕಣಗಳನ್ನೂ ಒಳಗಿನ ಎಳೆಗಳನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅದಕ್ಕಾಗಿ ಒಂದು ಚೂರು ತೊಗಟೆಯನ್ನು ಒಣಗಿಸಿ ಪೇಡೆಯ ಖಾಲಿ ಡಬ್ಬಿಯಲ್ಲಿಟ್ಟಿದ್ದೇನೆ. ಅವ್ವ ಬೈದಳು. 1929ರಲ್ಲಿ ಜಪಾನಿನ ಮಿನಕಾತ ಕುಮಗುಸು ಎಂಬ ವಿದ್ವಾಂಸರು ಲೋಳೆ ಬೂಷ್ಟಿನ 110 ಮಾದರಿಗಳನ್ನು ಮಿಠಾಯಿಯ ರಟ್ಟಿನ ಡಬ್ಬಿಗಳಲ್ಲಿ ಹಾಕಿ ಸಾಕ್ಷಾತ್ ಚಕ್ರವರ್ತಿ ಹಿರೋಹಿತೋಗೆ ಕಾಣಿಕೆ ಕೊಟ್ಟರು ಎಂದು ಹೇಳಿದೆ. ಹಾಗಾದರೆ ಡಬ್ಬಿ ಅವರಿಗೇ ಕಳಿಸು ಎಂದಳು.

ಹುಡುಗ ಈಗ ಪ್ರತಿ ಭಾನುವಾರ ದಿಮ್ಮಿಯ ಹತ್ತಿರ ಬರುತ್ತಾನೆ. ಕಳೆದ ಬಾರಿ ಬಿಳಿ ಲೋಳೆಯೊಂದು ಬಿರುಕಿನಿಂದ ಹೊರಬರುತ್ತಿರುವುದನ್ನು ಮೊದಲು ಕಂಡವನು ಅವನೇ. ಜೋಳದ ಕಾಳನ್ನು ಪಕ್ಕದಲ್ಲಿ ಇಡುವುದೂ ಅವನ ಕೆಲಸ. ನಾವಿಬ್ಬರೂ ಕೆಸರಿನಲ್ಲಿ ಅಂಗಾತ ಮಲಗಿ, ಕೆಳಗಿನಿಂದಲೇ ಫೋಟೋ ತೆಗೆದೆವು. ಅರ್ಧಕ್ಕರ್ಧ ಹಾಳಾದವು. ಒಂದರಲ್ಲಿ ಇರುವೆಯ ಹಿಂಭಾಗ ಮಾತ್ರ ಬಂದಿದೆ, ಅವನಿಗೆ ಅದೇ ಇಷ್ಟ.

ಬರುವ ಭಾನುವಾರ ಎರಡನೆಯ ಪೂಜೆಯ ನಂತರ, ಮಳೆ ಜೋರಾಗಿ ಇಲ್ಲದಿದ್ದರೆ, ನೋಡಲು ಬಯಸುವವರು ಗೇಟಿನ ಹತ್ತಿರ ಸೇರಿರಿ. ಕೆಸರಿದೆ, ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿರಿ. ಓದಲು ಬಳಸುವ ಭೂತಗನ್ನಡಿ ಇದ್ದರೆ ತನ್ನಿರಿ. ಹೊಲದ ಎರಡೂ ಮನೆಯವರನ್ನು ಕೇಳಿದ್ದೇವೆ, ಈ ವಿಷಯದಲ್ಲಿ ಇಬ್ಬರೂ ಒಪ್ಪಿದ್ದಾರೆ. ಅಲ್ಲಿ ಆ ದಿನ ಏನಾದರೂ ಕಾಣುತ್ತದೆಯೋ ಇಲ್ಲವೋ, ಮಾತು ಕೊಡಲಾರೆ.